ಉಪ್ಪು, ಸಕ್ಕರೆ ಮತ್ತು ಜೀವಕೋಶದ ಹೊಸ್ತಿಲು

ಅಡಿಗೆಯ ಮನೆಯಲ್ಲಿ ಉಪ್ಪಿನ ಭರಣಿಗೆ ಒಂದು ಸ್ಥಾನ, ಸಕ್ಕರೆಯ ಡಬ್ಬಿಗೆ ಇನ್ನೊಂದು ಸ್ಥಾನ. ಒಂದು ಸಾರಿಗೆ, ಇನ್ನೊಂದು ಪಾಯಸಕ್ಕೆ. ಇವೆರಡನ್ನೂ ಒಂದೇ ಪಾತ್ರೆಗೆ ಹಾಕುವ ಸಂದರ್ಭ ಗೃಹಿಣಿಗೆ ಅಪರೂಪ. ಆದರೆ ಇವೆರಡನ್ನೂ ತಕ್ಕ ಪ್ರಮಾಣದಲ್ಲಿ ಶುದ್ಧವಾದ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದರೆ, ವಾಂತಿಭೇದಿಯಿಂದ ಕಣ್ಣು ಗುಳಿಬಿದ್ದು ಸೊರಗಿದ ಮಗುವು ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡು ತಾಯಿಯ ಮುಖವನ್ನು ನೋಡುತ್ತದೆ. ಇದು ಮಂತ್ರವಲ್ಲ, ಮದ್ದಿನ ಅಂಗಡಿಯ ಗುಟ್ಟೂ ಅಲ್ಲ. ಕೋಟಿಗಟ್ಟಲೆ ಮಕ್ಕಳ ವಿಷಯದಲ್ಲಿ ಪರೀಕ್ಷಿತವಾಗಿ ಸಿದ್ಧವಾದ ಸಂಗತಿ.

ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ. ಬರಿಯ ನೀರು ಈ ಕೆಲಸವನ್ನು ಮಾಡದು. ಬರಿಯ ಉಪ್ಪುನೀರೂ ಮಾಡದು. ಅದೇ ಉಪ್ಪುನೀರಿಗೆ ಒಂದಿಷ್ಟು ಸಕ್ಕರೆ ಬಿದ್ದೊಡನೆ ಅದಕ್ಕೆ ಈ ಶಕ್ತಿ ಎಲ್ಲಿಂದ ಬಂದಿತು? ಸಕ್ಕರೆಯು ಬಲ ಕೊಡುತ್ತದೆ ಎಂದು ಹೇಳಿಬಿಡುವುದು ಸುಲಭ. ಆದರೆ ಅದು ನಿಜವಾದ ಉತ್ತರವಲ್ಲ. ನಿಜವಾದ ಉತ್ತರವು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶದ ಹೊಸ್ತಿಲಿನಲ್ಲಿದೆ. ಈ ಅಂಕಣದಲ್ಲಿ ನಕ್ಷತ್ರಗಳ ದೂರವನ್ನೂ ಸಮುದ್ರದ ಆಳವನ್ನೂ ಅಳೆದು ಬಂದ ವಾಚಕರು ಈ ವಾರ ದೂರ ಹೋಗಬೇಕಾಗಿಲ್ಲ. ತಮ್ಮ ಹೊಟ್ಟೆಯೊಳಗೇ ಒಂದು ಪ್ರಯಾಣ ಮಾಡಿದರೆ ಸಾಕು.

ಕೋಣೆಯೆಂಬ ಹೆಸರು

೧೬೬೫ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ತಾನು ಸೂಕ್ಷ್ಮದರ್ಶಕದಲ್ಲಿ ಕಂಡ ವಿಚಿತ್ರಗಳ ಪುಸ್ತಕವೊಂದನ್ನು ಪ್ರಕಟಿಸಿದನು. ಬಿರಡೆಯ ಒಂದು ತೆಳು ಸೀಳನ್ನು ನೋಡಿದಾಗ ಅದರಲ್ಲಿ ಜೇನುಹುಟ್ಟಿನಂತೆ ಒತ್ತೊತ್ತಾಗಿ ಪುಟ್ಟ ಕೋಣೆಗಳು ಕಂಡವು. ಅವುಗಳನ್ನು ಅವನು ‘ಸೆಲ್’, ಅಂದರೆ ಕೋಣೆ, ಎಂದು ಕರೆದನು. ಅವನು ಕಂಡದ್ದು ಸತ್ತ ತೊಗಟೆಯ ಬರಿಯ ಗೋಡೆಗಳನ್ನು. ಒಳಗಿದ್ದ ಜೀವ ಎಂದೋ ಹೊರಟುಹೋಗಿತ್ತು. ಆದರೂ ಆ ಹೆಸರು ಇಂದಿಗೂ ನಿಂತಿದೆ. ಅನಂತರ ೧೮೩೮ರಲ್ಲಿ ಷ್ಲೈಡೆನ್ ಎಂಬವನು ಸಸ್ಯಗಳೆಲ್ಲ ಕೋಶಗಳಿಂದಾದವು ಎಂದನು. ಮರುವರ್ಷವೇ ಷ್ವಾನ್ ಎಂಬವನು ಪ್ರಾಣಿಗಳೂ ಹಾಗೆಯೇ ಎಂದು ತೋರಿಸಿದನು. ೧೮೫೫ರಲ್ಲಿ ವಿರ್ಖೋ ಎಂಬ ವೈದ್ಯನು ಪ್ರತಿಯೊಂದು ಕೋಶವೂ ಮತ್ತೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು ಸಾರಿದನು. ಮೂವರೂ ಜರ್ಮನ್ನರು.

ನಮ್ಮ ದೇಹದಲ್ಲಿ ಇಂಥ ಕೋಶಗಳು ಸುಮಾರು ೩೦ ಲಕ್ಷ ಕೋಟಿ ಇರುವುವೆಂದು ಅಂದಾಜು. ಸಾಮಾನ್ಯವಾದ ಕೋಶಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಷ್ಟು ಜಾಗದಲ್ಲಿ ೫೦ರಿಂದ ೧೦೦ ಹಿಡಿಸುತ್ತವೆ. ಇಷ್ಟು ಚಿಕ್ಕ ಕೋಣೆಯೊಳಗೆ ಒಂದು ಇಡೀ ಸಂಸಾರವೇ ನಡೆಯುತ್ತಿದೆ. ನಡುವೆ ಕೋಶಕೇಂದ್ರವಿದೆ, ತಲತಲಾಂತರದಿಂದ ಬಂದ ಆಜ್ಞೆಗಳ ಕಡತವು ಅಲ್ಲಿ ಭದ್ರವಾಗಿದೆ. ಆ ಆಜ್ಞೆಗಳಂತೆ ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮುಗಳೆಂಬ ಕಣಗಳಿವೆ. ಆಹಾರದ ಸತ್ತ್ವವನ್ನು ಆಮ್ಲಜನಕದೊಡನೆ ನಿಧಾನವಾಗಿ ಉರಿಸಿ ಶಕ್ತಿಯನ್ನು ಒದಗಿಸುವ ಮೈಟೋಕಾಂಡ್ರಿಯಗಳೆಂಬ ಒಲೆಗಳಿವೆ. ಪಠ್ಯಪುಸ್ತಕಗಳಲ್ಲಿ ಇವುಗಳ ಚಿತ್ರಗಳನ್ನು ಬಣ್ಣ ಬಣ್ಣವಾಗಿ ಬರೆದಿರುತ್ತಾರೆ. ಆದರೆ ಸುತ್ತಲಿನ ಪೊರೆಯನ್ನು ಮಾತ್ರ ಒಂದು ಗೆರೆ ಎಳೆದು ಮುಗಿಸಿಬಿಡುತ್ತಾರೆ. ನಮ್ಮ ಇಂದಿನ ಕಥೆಯ ನಾಯಕ ಆ ಗೆರೆಯೇ.

ಎಣ್ಣೆಯ ಗೋಡೆ

ಜೀವಕೋಶದ ಒಳಗೂ ನೀರು, ಹೊರಗೂ ನೀರು. ಎರಡು ನೀರುಗಳ ನಡುವೆ ಬೇಲಿ ಹಾಕುವುದು ಹೇಗೆ? ನೀರಿನಲ್ಲಿ ಕರಗದ ವಸ್ತುವಿನಿಂದಲೇ ಹಾಕಬೇಕಷ್ಟೆ. ಪ್ರಕೃತಿಯು ಅದಕ್ಕೆ ಎಣ್ಣೆಯ ಜಾತಿಯ ವಸ್ತುವನ್ನು ಆರಿಸಿಕೊಂಡಿತು. ೧೯೨೫ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡಲ್ ಎಂಬಿಬ್ಬರು ಕೆಂಪು ರಕ್ತಕಣಗಳ ಪೊರೆಯಿಂದ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ನೋಡಿದರು. ಅದು ಆ ಕಣಗಳ ಮೈಯಳತೆಗಿಂತ ಎರಡರಷ್ಟು ಜಾಗವನ್ನು ಆವರಿಸಿತು. ಆದುದರಿಂದ ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಪದರಗಳಾಗಿ ನಿಂತಿವೆ ಎಂದು ಅವರು ಊಹಿಸಿದರು. ಊಹೆ ಸರಿಯಾಗಿತ್ತು. ಈ ಗೋಡೆ ಎಷ್ಟು ತೆಳುವೆಂದರೆ, ಇಂಥ ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೂ ಈ ಪತ್ರಿಕೆಯ ಒಂದು ಹಾಳೆಯ ದಪ್ಪವಾಗುವುದು ಕಷ್ಟ.

ಗೋಡೆಯೇನೋ ಸಿದ್ಧವಾಯಿತು. ಆದರೆ ಬಾಗಿಲಿಲ್ಲದ ಮನೆಯಲ್ಲಿ ಸಂಸಾರ ನಡೆಯುವುದೇ? ಉಪ್ಪು, ಸಕ್ಕರೆ ಇವು ಎಣ್ಣೆಯ ಪದರವನ್ನು ದಾಟಲಾರವು. ಇವು ಒಳಗೆ ಬರಬೇಕು, ಬೇಡವಾದದ್ದು ಹೊರಗೆ ಹೋಗಬೇಕು. ಅದಕ್ಕಾಗಿ ಆ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನುಗಳು ನಾಟಿಕೊಂಡಿವೆ. ಕೆಲವು ಬಾಗಿಲುಗಳು, ಕೆಲವು ಕಿಂಡಿಗಳು, ಕೆಲವು ನೀರೆತ್ತುವ ಏತಗಳು. ಒಂದೊಂದು ಬಾಗಿಲೂ ತನಗೆ ಪರಿಚಿತವಾದ ವಸ್ತುವಿಗಲ್ಲದೆ ಬೇರೆಯದಕ್ಕೆ ತೆರೆಯುವುದಿಲ್ಲ. ಈ ಪ್ರೋಟೀನುಗಳು ಕೊಬ್ಬಿನ ಪದರದಲ್ಲಿ ತೇಲುತ್ತಿರುತ್ತವೆ ಎಂಬ ಚಿತ್ರವನ್ನು ೧೯೭೨ರಲ್ಲಿ ಅಮೆರಿಕದ ಸಿಂಗರ್ ಮತ್ತು ನಿಕಲ್ಸನ್ ಎಂಬವರು ಮುಂದಿಟ್ಟರು.

ಏತದ ಕೆಲಸ

ಬಾಗಿಲುಗಳ ವಿಷಯಕ್ಕೆ ಮುನ್ನ ಏತದ ವಿಷಯವನ್ನು ತಿಳಿಯಬೇಕು. ಉಪ್ಪಿನ ಮುಖ್ಯ ಅಂಶ ಸೋಡಿಯಂ. ಅದು ಕೋಶದ ಹೊರಗಿನ ನೀರಿನಲ್ಲಿ ಒಳಗಿನದಕ್ಕಿಂತ ಸುಮಾರು ಹತ್ತು ಪಾಲು ಹೆಚ್ಚಾಗಿದೆ. ತಾನಾಗಿ ಹೀಗೆ ಇರಲು ಸಾಧ್ಯವಿಲ್ಲ. ಯಾರೋ ಒಳಗಿನ ಸೋಡಿಯಂ ಅನ್ನು ಎಡೆಬಿಡದೆ ಹೊರಕ್ಕೆ ಎತ್ತಿಹಾಕುತ್ತಿರಬೇಕು. ೧೯೫೭ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೋ ಎಂಬ ವಿಜ್ಞಾನಿ ಏಡಿಯ ಕಾಲಿನ ನರಗಳನ್ನು ಪರೀಕ್ಷಿಸುತ್ತ ಈ ಕೆಲಸಗಾರನನ್ನು ಗುರುತಿಸಿದನು. ಅದು ಪೊರೆಯಲ್ಲಿರುವ ಒಂದು ಪ್ರೋಟೀನು. ಒಂದು ಸಲಕ್ಕೆ ಮೂರು ಸೋಡಿಯಂ ಕಣಗಳನ್ನು ಹೊರಕ್ಕೆ ಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆ ತರುತ್ತದೆ. ನಲವತ್ತು ವರ್ಷಗಳ ತರುವಾಯ, ೧೯೯೭ರಲ್ಲಿ, ಸ್ಕೋಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ನಾವು ಸುಮ್ಮನೆ ಮಲಗಿರುವಾಗಲೂ ದೇಹವು ವ್ಯಯಿಸುವ ಶಕ್ತಿಯಲ್ಲಿ ಐದರಲ್ಲೊಂದು ಪಾಲಿನಷ್ಟು ಈ ಏತಕ್ಕೇ ಸಲ್ಲುತ್ತದೆ.

ಇಷ್ಟು ಶ್ರಮ ಏತಕ್ಕಾಗಿ? ನಮ್ಮ ಊರುಗಳ ಕೆರೆಗಳನ್ನು ನೆನೆಯಿರಿ. ಏರಿಯ ಹಿಂದೆ ನೀರು ಎತ್ತರದಲ್ಲಿ ನಿಂತಿದ್ದರೆ ಮಾತ್ರ ತೂಬು ತೆಗೆದಾಗ ಗದ್ದೆಗೆ ನೀರು ನುಗ್ಗುವುದು. ಹಾಗೆಯೇ ಹೊರಗೆ ಸೋಡಿಯಂ ಹೆಚ್ಚಾಗಿ ನಿಂತಿದ್ದರೆ, ಬಾಗಿಲು ತೆರೆದೊಡನೆ ಅದು ಒಳಕ್ಕೆ ಧುಮುಕಲು ಕಾತರಿಸುತ್ತಿರುತ್ತದೆ. ಆ ನುಗ್ಗುವ ಬಲದಿಂದ ಕೋಶವು ತನ್ನ ಅನೇಕ ಕೆಲಸಗಳನ್ನು ಮಾಡಿಸಿಕೊಳ್ಳುತ್ತದೆ. ಅವುಗಳಲ್ಲಿ ಒಂದು, ಸಕ್ಕರೆಯನ್ನು ಒಳಗೆ ತಂದುಕೊಳ್ಳುವುದು.

ಜೋಡಿಗೆ ಮಾತ್ರ ತೆರೆಯುವ ಕದ

ಈಗ ಸಣ್ಣ ಕರುಳಿಗೆ ಬರೋಣ. ಅದರ ಒಳಮೈ ನುಣುಪಾದ ಕೊಳವೆಯಂತಿಲ್ಲ. ಮಖಮಲ್ಲಿನ ಬಟ್ಟೆಯ ಹಾಗೆ ತುಂಬ ಪುಟ್ಟ ಪುಟ್ಟ ಕುಚ್ಚುಗಳು ನಿಂತಿವೆ. ಪ್ರತಿ ಕುಚ್ಚಿನ ಮೇಲೂ ಒಂದೇ ಸಾಲಾಗಿ ಕೋಶಗಳು ಹೊದಿಸಲ್ಪಟ್ಟಿವೆ. ಪ್ರತಿ ಕೋಶದ ನೆತ್ತಿಯ ಮೇಲೂ ಬುರುಸಿನ ಕೂದಲುಗಳಂತೆ ಸಾವಿರಾರು ಸೂಕ್ಷ್ಮ ಬೆರಳುಗಳಿವೆ. ದಿನವೊಂದಕ್ಕೆ ಈ ಕರುಳಿನೊಳಕ್ಕೆ ಸುಮಾರು ೯ ಲೀಟರ್ ನೀರು ಬರುತ್ತದೆ. ನಾವು ಕುಡಿದುದು ಮತ್ತು ಉಂಡುದರಿಂದ ಬರುವುದು ಅದರಲ್ಲಿ ೨ ಲೀಟರ್ ಮಾತ್ರ. ಉಳಿದ ೭ ಲೀಟರ್ ಜೊಲ್ಲು, ಜಠರರಸ, ಪಿತ್ತ ಮುಂತಾದ ನಮ್ಮದೇ ರಸಗಳು. ಆದರೆ ಆರೋಗ್ಯವಂತನ ಮಲದಲ್ಲಿ ಹೊರಗೆ ಹೋಗುವ ನೀರು ೨೦೦ ಮಿಲಿಲೀಟರನ್ನೂ ಮೀರುವುದಿಲ್ಲ. ಮಿಕ್ಕದ್ದನ್ನೆಲ್ಲ ಕರುಳಿನ ಕೋಶಗಳು ಹೀರಿ ರಕ್ತಕ್ಕೆ ಒಪ್ಪಿಸುತ್ತವೆ. ಇಷ್ಟು ಶಿಸ್ತಿನ ಜಮಾಖರ್ಚನ್ನು ಯಾವ ಗುಮಾಸ್ತನು ತಾನೆ ಇಡಬಲ್ಲನು?

ನೀರನ್ನು ನೇರವಾಗಿ ಹಿಡಿದೆಳೆಯುವ ಯಂತ್ರ ಯಾವ ಕೋಶದಲ್ಲಿಯೂ ಇಲ್ಲ. ಉಪ್ಪು ಎತ್ತ ಹೋದರೆ ನೀರು ಅತ್ತ ಹಿಂಬಾಲಿಸುತ್ತದೆ. ಆದುದರಿಂದ ನೀರು ಬೇಕೆಂದರೆ ಮೊದಲು ಉಪ್ಪನ್ನು ಕರೆಯಬೇಕು. ಕರುಳಿನ ಕೋಶದಲ್ಲಿ ಉಪ್ಪನ್ನು ಕರೆಯುವ ಬಾಗಿಲುಗಳು ಹಲವಿದ್ದರೂ ಅವುಗಳಲ್ಲಿ ಒಂದರ ಸ್ವಭಾವ ಬಹು ವಿಲಕ್ಷಣವಾದುದು. ಸೋಡಿಯಂ ಒಂಟಿಯಾಗಿ ಬಂದರೆ ಅದು ತೆರೆಯದು. ಗ್ಲೂಕೋಸ್ ಎಂಬ ಸಕ್ಕರೆಯೊಂದೇ ಬಂದರೂ ತೆರೆಯದು. ಎರಡು ಸೋಡಿಯಂ ಕಣಗಳೂ ಒಂದು ಗ್ಲೂಕೋಸ್ ಕಣವೂ ಜೊತೆಗೂಡಿ ಬಂದಾಗ ಮಾತ್ರ ಕದ ತಿರುಗಿ ಮೂವರನ್ನೂ ಒಟ್ಟಿಗೆ ಒಳಗೆ ಬಿಡುತ್ತದೆ. ಒಳಬಂದ ಸೋಡಿಯಂ ಅನ್ನು ಹಿಂಬದಿಯ ಏತವು ರಕ್ತದ ಕಡೆಗೆ ಎತ್ತಿಹಾಕುತ್ತದೆ. ಗ್ಲೂಕೋಸ್ ಇನ್ನೊಂದು ಬಾಗಿಲಿನಿಂದ ಅತ್ತಲೇ ಸಾಗುತ್ತದೆ. ಇವೆರಡರ ಬೆನ್ನು ಹಿಡಿದು ನೀರೂ ಹೋಗುತ್ತದೆ. ಈ ಜೋಡಿ ಬಾಗಿಲಿನ ವಿಚಾರವನ್ನು ಅಮೆರಿಕದ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ೧೯೬೦ರ ಆಗಸ್ಟ್ ತಿಂಗಳಿನಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯೊಂದರಲ್ಲಿ ಮಂಡಿಸಿದನು. ಅದರಿಂದ ಸಾವಿರಾರು ಮೈಲಿ ದೂರದ ಬಂಗಾಳದ ಮಕ್ಕಳು ಬದುಕಿಯಾರೆಂದು ಆ ಸಭೆಯಲ್ಲಿ ಕುಳಿತವರಲ್ಲಿ ಯಾರು ತಾನೆ ಎಣಿಸಿದ್ದಾರು?

ಮಾರಿಯ ಗುಟ್ಟು

ಕಾಲರಾ ಎಂಬ ಹೆಸರು ಕೇಳಿದರೆ ನಮ್ಮ ಹಿಂದಿನ ತಲೆಮಾರಿನವರು ನಡುಗುತ್ತಿದ್ದರು. ಬೆಳಿಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಹೆಣವಾಗುವ ರೋಗ ಅದು. ಅಕ್ಕಿ ತೊಳೆದ ನೀರಿನಂಥ ಭೇದಿ. ಕಠಿನವಾದ ಪ್ರಸಂಗಗಳಲ್ಲಿ ಗಂಟೆಗೆ ಒಂದು ಲೀಟರಿನಷ್ಟು ದ್ರವ ದೇಹದಿಂದ ಹರಿದುಹೋಗುತ್ತದೆ. ೧೮೮೪ರಲ್ಲಿ ಕಲ್ಕತ್ತೆಗೆ ಬಂದಿದ್ದ ಜರ್ಮನಿಯ ರಾಬರ್ಟ್ ಕಾಕ್, ಬಾಗಿದ ಕಡ್ಡಿಯಂಥ ರೋಗಾಣುವೇ ಇದಕ್ಕೆ ಕಾರಣವೆಂದು ಸಾರಿದನು. ಆದರೆ ಆ ರೋಗಾಣು ಏನು ಮಾಡುತ್ತದೆ? ಕರುಳಿನ ಒಳಪೊರೆಯನ್ನು ಸುಲಿದುಹಾಕುತ್ತದೆ ಎಂಬುದು ಬಹುಕಾಲ ಪ್ರಚಾರದಲ್ಲಿದ್ದ ಅಭಿಪ್ರಾಯ. ಹಾಗಿದ್ದಲ್ಲಿ ರೋಗಿಗೆ ನೀರು ಕುಡಿಸಿ ಫಲವೇನು? ಹೀರುವ ಕೋಶಗಳೇ ಇಲ್ಲದ ಮೇಲೆ ಕುಡಿದುದೆಲ್ಲ ಹರಿದೇ ಹೋಗಬೇಕು. ಆದುದರಿಂದ ಸೂಜಿಯ ಮೂಲಕ ನೇರವಾಗಿ ರಕ್ತಕ್ಕೆ ಉಪ್ಪುನೀರು ಏರಿಸುವುದೊಂದೇ ದಾರಿಯೆಂದು ವೈದ್ಯರು ನಂಬಿದ್ದರು.

ಈ ಕಗ್ಗಂಟನ್ನು ಬಿಡಿಸಿದವರಲ್ಲಿ ಮೊದಲಿಗರು ಕಲ್ಕತ್ತೆಯ ಶಂಭುನಾಥ ಡೇ. ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಅದರೊಳಕ್ಕೆ ರೋಗಾಣುಗಳನ್ನು ಪೂರ್ತಿಯಾಗಿ ಸೋಸಿ ತೆಗೆದ ದ್ರವವನ್ನು ಮಾತ್ರ ಚುಚ್ಚಿದರು. ಒಂದು ರೋಗಾಣುವೂ ಇಲ್ಲದಿದ್ದರೂ ಆ ತುಂಡು ನೀರಿನಿಂದ ಉಬ್ಬಿಕೊಂಡಿತು. ಎಂದರೆ ರೋಗಾಣು ಸ್ರವಿಸುವ ಒಂದು ವಿಷವೇ ಈ ಅನರ್ಥಕ್ಕೆ ಮೂಲ. ೧೯೫೯ರಲ್ಲಿ ಅವರು ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ, ರೋಗಿಗಳ ಕರುಳಿನಿಂದಲೇ ಸಣ್ಣ ಚೂರುಗಳನ್ನು ತೆಗೆದು ನೋಡಿದ ಅಮೆರಿಕದ ಗಂಗರೋಸ ಎಂಬ ವೈದ್ಯನು, ಅಲ್ಲಿನ ಕೋಶಗಳ ಹೊದಿಕೆ ಕೆಡದೆ ಇದ್ದುದನ್ನು ವರದಿ ಮಾಡಿದನು. ಸುಲಿದುಹೋಗುತ್ತದೆ ಎಂಬ ಹಳೆಯ ನಂಬಿಕೆ ಬಿದ್ದುಹೋಯಿತು.

ಹಾಗಾದರೆ ವಿಷವು ಮಾಡುವುದೇನು? ಅದು ಕೋಶವನ್ನು ಕೊಲ್ಲುವುದಿಲ್ಲ. ಒಳಹೊಕ್ಕು ಅದರ ಒಂದು ಅಗುಳಿಯನ್ನು ಕೆಡಿಸುತ್ತದೆ. ಕೋಶದಿಂದ ಕ್ಲೋರೈಡ್ ಎಂಬ ಲವಣಾಂಶವನ್ನು ಕರುಳಿನ ಕಡೆಗೆ ಬಿಡುವ ಒಂದು ಬಾಗಿಲುಂಟು. ಸಾಮಾನ್ಯವಾಗಿ ಅದು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುತ್ತದೆ. ವಿಷವು ಅದರ ನಿಯಂತ್ರಣವನ್ನು ಸ್ತಬ್ಧಗೊಳಿಸುವುದರಿಂದ ಬಾಗಿಲು ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತದೆ. ಕ್ಲೋರೈಡ್ ಹೊರಕ್ಕೆ ಸುರಿಯುತ್ತದೆ, ಸೋಡಿಯಂ ಹಿಂಬಾಲಿಸುತ್ತದೆ, ನೀರು ಅದನ್ನು ಹಿಂಬಾಲಿಸುತ್ತದೆ. ಸಾಲದೆಂಬಂತೆ, ಬರಿಯ ಉಪ್ಪನ್ನು ಒಳಕ್ಕೆ ಬಿಡುತ್ತಿದ್ದ ಬಾಗಿಲೂ ಮುಚ್ಚಿಕೊಳ್ಳುತ್ತದೆ. ಕೋಡಿ ಕಿತ್ತುಹೋದ ಕೆರೆಯಂತೆ ದೇಹವು ಬರಿದಾಗುತ್ತದೆ. ಕೋಶಗಳೆಲ್ಲ ಜೀವಂತವಾಗಿರುವಾಗಲೇ ಮನುಷ್ಯನು ನೀರಿಲ್ಲದೆ ಸಾಯುತ್ತಾನೆ.

ಕೆಡದೆ ಉಳಿದ ಬಾಗಿಲು

ಇಲ್ಲಿಯೇ ಇದೆ ನಮ್ಮ ಪ್ರಶ್ನೆಗೆ ಉತ್ತರ. ಕಾಲರಾದ ವಿಷ ಎಷ್ಟೇ ಘೋರವಾಗಿದ್ದರೂ ಆ ಜೋಡಿ ಬಾಗಿಲನ್ನು ಮಾತ್ರ ಕೆಡಿಸದು. ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಅದು ಎಂದಿನಂತೆ ತೆರೆಯುತ್ತದೆ. ಬರಿಯ ಉಪ್ಪುನೀರು ಕುಡಿದಾಗ ಹೊಸ್ತಿಲಿನಲ್ಲಿಯೇ ನಿಂತು ಹಿಂದಿರುಗುತ್ತಿದ್ದ ಸೋಡಿಯಂ, ಸಕ್ಕರೆಯ ಕೈ ಹಿಡಿದರೆ ಒಳಗೆ ಹೋಗುತ್ತದೆ, ನೀರನ್ನೂ ಕರೆದುಕೊಂಡು ಹೋಗುತ್ತದೆ. ಒಂದು ಕಡೆ ಸೋರುತ್ತಿರುವಾಗ ಇನ್ನೊಂದು ಕಡೆಯಿಂದ ತುಂಬುತ್ತಿರುವುದು ಸಾಧ್ಯವಾಗುತ್ತದೆ.

ಎಷ್ಟು ದಿನ ಹೀಗೆ ತುಂಬುತ್ತಿರಬೇಕು? ಇದಕ್ಕೂ ಕೋಶವೇ ಉತ್ತರ ಕೊಡುತ್ತದೆ. ಕರುಳಿನ ಹೊದಿಕೆಯ ಕೋಶಗಳ ಆಯುಷ್ಯ ಮೂರರಿಂದ ಐದು ದಿನಗಳು ಮಾತ್ರ. ವಿಷ ತಗುಲಿದ ಕೋಶಗಳು ಕಾಲ ಮುಗಿದು ಉದುರುತ್ತವೆ. ಅವುಗಳ ಸ್ಥಾನಕ್ಕೆ ಹೊಸ ಕೋಶಗಳು ಬರುತ್ತವೆ. ಆ ಕೆಲವು ದಿನಗಳ ಕಾಲ ರೋಗಿಯನ್ನು ನೀರಿನಿಂದ ಉಳಿಸಿಕೊಂಡರೆ ಸಾಕು, ದೇಹವು ತನ್ನ ಮನೆಯನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ.

ಈ ತತ್ತ್ವ ತಿಳಿಯುವ ಮೊದಲೇ, ೧೯೫೩ರಲ್ಲಿ, ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ೧೮೬ ಮಂದಿ ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆತ ನೀರನ್ನು ಬಾಯಿಯ ಮೂಲಕ ಕೊಟ್ಟು ಅದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಅದೇಕೆ ಫಲಿಸುತ್ತದೆ ಎಂಬುದಕ್ಕೆ ಆಗ ಕಾರಣ ಗೊತ್ತಿರಲಿಲ್ಲ. ಕಾರಣವಿಲ್ಲದ ಫಲವನ್ನು ವಿದ್ವಾಂಸರು ಬೇಗ ನಂಬುವುದಿಲ್ಲ. ಆ ವರದಿ ಮೂಲೆ ಸೇರಿತು. ೧೯೬೨ರಲ್ಲಿ ಮನಿಲಾ ನಗರದಲ್ಲಿ ಅಮೆರಿಕದ ನೌಕಾದಳದ ವೈದ್ಯ ರಾಬರ್ಟ್ ಫಿಲಿಪ್ಸ್ ಇದೇ ದಾರಿಯಲ್ಲಿ ನಡೆದನು. ಆದರೆ ದ್ರಾವಣ ಅತಿ ಸಾಂದ್ರವಾಗಿದ್ದು ಕೆಲವು ರೋಗಿಗಳು ಮರಣ ಹೊಂದಿದುದರಿಂದ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ೧೯೬೮ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಹೊರಹೋದ ದ್ರವವನ್ನು ಅಳೆದು ಅಷ್ಟೇ ಪ್ರಮಾಣದ ನೀರನ್ನು ಕುಡಿಸುವ ಕ್ರಮವನ್ನು ಅನುಸರಿಸಿದರು. ಸೂಜಿಯ ಮೂಲಕ ಏರಿಸಬೇಕಾಗಿದ್ದ ದ್ರವದಲ್ಲಿ ಐದಕ್ಕೆ ನಾಲ್ಕು ಪಾಲು ಉಳಿತಾಯವಾಯಿತು. ಆದರೂ, ಆಸ್ಪತ್ರೆಯಲ್ಲಿ ನಿಪುಣರ ಕಣ್ಣೆದುರಿಗೆ ನಡೆದದ್ದು ಹಳ್ಳಿಯ ಗುಡಿಸಿಲಿನಲ್ಲಿ ನಡೆದೀತೆ ಎಂಬ ಸಂಶಯ ಉಳಿದೇ ಇತ್ತು.

ಬನ್‌ಗಾಂವ್, ೧೯೭೧

ಆ ಸಂಶಯವನ್ನು ನಿವಾರಿಸಿದುದು ಒಂದು ಮಹಾ ವಿಪತ್ತು. ೧೯೭೧ರಲ್ಲಿ ಪೂರ್ವ ಪಾಕಿಸ್ತಾನದ ಯುದ್ಧದ ದೆಸೆಯಿಂದ ಒಂದು ಕೋಟಿಯಷ್ಟು ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಮಳೆಗಾಲ, ಇಕ್ಕಟ್ಟಾದ ಶಿಬಿರಗಳು, ಕೆಟ್ಟ ನೀರು. ಕಾಲರಾ ಹಬ್ಬಿತು. ಗಡಿಯ ಸಮೀಪದ ಬನ್‌ಗಾಂವ್ ಎಂಬ ಊರಿನ ಚಿಕ್ಕ ಆಸ್ಪತ್ರೆಯಲ್ಲಿ ಎರಡು ಕೋಣೆಗಳು, ೧೬ ಮಂಚಗಳು. ನೆಲದ ಮೇಲೆಲ್ಲ ರೋಗಿಗಳು, ಮಲ, ವಾಂತಿ. ಜೂನ್ ತಿಂಗಳಿನಲ್ಲಿ ಅಲ್ಲಿಗೆ ಬಂದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಅವರ ಬಳಿ ಸೂಜಿಯ ಮೂಲಕ ಏರಿಸುವ ದ್ರವದ ಬಾಟಲಿಗಳು ಬಹು ಬೇಗ ಮುಗಿಯುತ್ತ ಬಂದವು. ಅವನ್ನು ಏರಿಸಬಲ್ಲ ಜನರೂ ಸಾಕಷ್ಟಿರಲಿಲ್ಲ.

ಆಗ ಅವರು ಒಂದು ಧೈರ್ಯದ ತೀರ್ಮಾನ ಮಾಡಿದರು. ಒಂದು ಲೀಟರ್ ನೀರಿಗೆ ೨೨ ಗ್ರಾಂ ಗ್ಲೂಕೋಸ್, ೩.೫ ಗ್ರಾಂ ಅಡಿಗೆ ಉಪ್ಪು, ೨.೫ ಗ್ರಾಂ ಅಡಿಗೆ ಸೋಡಾ ಎಂಬ ಲೆಕ್ಕದಲ್ಲಿ ಕಲ್ಕತ್ತೆಯಲ್ಲಿ ಪುಡಿಯನ್ನು ತೂಗಿ, ಪಾಲಿಥೀನ್ ಚೀಲಗಳಲ್ಲಿ ತುಂಬಿ, ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಬಾಯಿ ಮುಚ್ಚಿ ತರಿಸಿದರು. ಲೀಟರಿಗೆ ತಗುಲಿದ ವೆಚ್ಚ ೧೧ ಪೈಸೆ. ದೊಡ್ಡ ಡ್ರಮ್ಮುಗಳಲ್ಲಿ ಅದನ್ನು ಕದಡಿಟ್ಟು, ರೋಗಿಯ ತಾಯಿಗೋ ತಂಗಿಗೋ ಬಟ್ಟಲು ಕೊಟ್ಟು, ಕುಡಿಸುತ್ತಿರಿ ಎಂದರು. ಅಕ್ಷರ ಬಾರದವರೂ ಆ ಕೆಲಸವನ್ನು ಚೆನ್ನಾಗಿ ಮಾಡಿದರು. ಎರಡು ತಿಂಗಳುಗಳಲ್ಲಿ ೩,೭೦೦ಕ್ಕೂ ಮಿಕ್ಕಿದ ರೋಗಿಗಳಿಗೆ ಹೀಗೆ ಚಿಕಿತ್ಸೆಯಾಯಿತು. ಶಿಬಿರಗಳಲ್ಲಿ ಮೊದಲು ೧೦೦ಕ್ಕೆ ೩೦ರವರೆಗೂ ಇದ್ದ ಸಾವಿನ ಪ್ರಮಾಣವು ಇಲ್ಲಿ ೧೦೦ಕ್ಕೆ ೩.೬ಕ್ಕೆ ಇಳಿಯಿತು. ಮಹಲನಬಿಸ್ ೨೦೨೨ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತಿತು.

೧೯೭೮ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕೀಯವು, ಉಪ್ಪು ಸಕ್ಕರೆಗಳ ಈ ಜೋಡಿ ಬಾಗಿಲಿನ ಶೋಧವು ಆ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಹುದು ಎಂಬ ಅರ್ಥದಲ್ಲಿ ಬರೆಯಿತು. ಬಾಂಗ್ಲಾದೇಶದಲ್ಲಿ ‘ಬ್ರಾಕ್’ ಎಂಬ ಸೇವಾಸಂಸ್ಥೆಯು ೧೯೮೦ರಿಂದ ಹತ್ತು ವರ್ಷಗಳ ಕಾಲ ಮನೆಯಿಂದ ಮನೆಗೆ ಹೆಣ್ಣುಮಕ್ಕಳನ್ನು ಕಳುಹಿಸಿ, ಅರ್ಧ ಸೇರು ನೀರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಎಂಬ ಪಾಠವನ್ನು ಸುಮಾರು ೧ ಕೋಟಿ ೨೦ ಲಕ್ಷ ಸಂಸಾರಗಳಿಗೆ ಕಲಿಸಿತು. ಪ್ರಾಗ್ ನಗರದ ಸಭೆಯಲ್ಲಿ ಹುಟ್ಟಿದ ವಿಚಾರವು ಗುಡಿಸಿಲಿನ ಗೃಹಿಣಿಯ ಬೆರಳ ತುದಿಗೆ ಬಂದುದು ಹೀಗೆ.

ಪ್ರಮಾಣವೇ ಪ್ರಾಣ

ಸಕ್ಕರೆ ಒಳ್ಳೆಯದೆಂದರೆ ಇನ್ನಷ್ಟು ಹಾಕಿದರೆ ಇನ್ನಷ್ಟು ಒಳ್ಳೆಯದಾಗಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಉಪ್ಪಿನಕಾಯಿಗೆ ಉಪ್ಪು ಬೆರೆಸಿದ ಮಾವಿನ ಹೋಳು ಮರುದಿನ ನೀರು ಬಿಟ್ಟಿರುವುದನ್ನು ಎಲ್ಲರೂ ಕಂಡಿದ್ದಾರೆ. ಹೊರಗೆ ಸಾಂದ್ರವಾದ ದ್ರಾವಣವಿದ್ದರೆ ಕೋಶದ ನೀರು ಅದರ ಕಡೆಗೆ ಸೆಳೆಯಲ್ಪಡುತ್ತದೆ. ಕರುಳಿನಲ್ಲಿಯೂ ಅದೇ ನಿಯಮ. ಅತಿ ಸಿಹಿಯಾದ ಪಾನೀಯವು ಒಳಹೋಗುವುದರ ಬದಲು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಉಪ್ಪು ಅತಿಯಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಅಪಾಯವಾಗುತ್ತದೆ.

ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯು ೨೦೦೨ರಲ್ಲಿ ಹಳೆಯ ಸೂತ್ರವನ್ನು ತಿದ್ದಿ ಇನ್ನಷ್ಟು ತಿಳಿಯಾಗಿಸಿತು. ಲೀಟರಿಗೆ ಗ್ಲೂಕೋಸ್ ೧೩.೫ ಗ್ರಾಂ, ಉಪ್ಪು ೨.೬ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸೋಡಿಯಂ ಸಿಟ್ರೇಟ್ ೨.೯ ಗ್ರಾಂ, ಒಟ್ಟು ೨೦.೫ ಗ್ರಾಂ. ಇದರಲ್ಲಿ ಸೋಡಿಯಂ ಕಣಗಳೂ ಗ್ಲೂಕೋಸ್ ಕಣಗಳೂ ಸಮಸಂಖ್ಯೆಯಲ್ಲಿವೆ. ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯ ಪೊಟ್ಟಣ ಇದೇ. ಅದೇ ಹೆಸರಿನ ಆಸರೆಯಲ್ಲಿ ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳ ಬಗ್ಗೆ ಮಕ್ಕಳ ವೈದ್ಯರು ಆಕ್ಷೇಪವೆತ್ತಿದ ಮೇಲೆ, ೨೦೨೫ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥ ಪಾನೀಯಗಳ ಮೇಲೆ ‘ಓ.ಆರ್.ಎಸ್.’ ಎಂದು ಅಚ್ಚುಹಾಕಬಾರದೆಂದು ಆಜ್ಞೆ ಮಾಡಿತು. ಬಣ್ಣದ ಡಬ್ಬಿಯನ್ನು ನೋಡಿ ಮೋಸಹೋಗದೆ, ಮೇಲೆ ಬರೆದಿರುವ ಪ್ರಮಾಣವನ್ನು ಓದಿ ಕೊಳ್ಳುವುದು ವಿವೇಕ.

ಮನೆಯಲ್ಲಿ ಮಾಡಬೇಕಾದುದು

ಭೇದಿಯಾದವರಿಗೆ ನೀರು ಕೊಟ್ಟರೆ ಭೇದಿ ಇನ್ನೂ ಹೆಚ್ಚುತ್ತದೆ, ಹೊಟ್ಟೆಗೆ ವಿಶ್ರಾಂತಿ ಕೊಡಬೇಕು ಎಂಬ ಮಾತನ್ನು ಹಿರಿಯರ ಬಾಯಿಂದ ಕೇಳುತ್ತೇವೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಈ ಮಾತು ಮಗುವಿನ ಪ್ರಾಣಕ್ಕೆ ಮುಳುವಾಗಬಲ್ಲದು. ಮಗುವನ್ನು ಕೊಲ್ಲುವುದು ಬಹುಮಟ್ಟಿಗೆ ಭೇದಿಯಲ್ಲ, ಹೋದ ನೀರು ಹಿಂದಿರುಗದಿರುವುದು.

ಪೊಟ್ಟಣವಿದ್ದರೆ ಅದರ ಮೇಲೆ ಬರೆದಿರುವಷ್ಟೇ ನೀರಿನಲ್ಲಿ ಕದಡಬೇಕು. ಕೆಲವು ಪೊಟ್ಟಣಗಳು ಒಂದು ಲೀಟರಿಗೆ, ಕೆಲವು ೨೦೦ ಮಿಲಿಲೀಟರಿಗೆ ಮಾತ್ರ. ಪೊಟ್ಟಣ ದೊರೆಯದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆ ಸಮ ಮಾಡಿದ ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು. ನಾವು ಬಳಸುವ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುವುದರಿಂದ ಆ ಜೋಡಿ ಬಾಗಿಲು ಇದಕ್ಕೂ ತೆರೆಯುತ್ತದೆ. ರುಚಿ ನೋಡಿದರೆ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ತರುವಾಯ ೫೦ರಿಂದ ೧೦೦ ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ ೧೦೦ರಿಂದ ೨೦೦ ಮಿಲಿಲೀಟರ್ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚೆಯಲ್ಲಿ ನಿಧಾನವಾಗಿ ಕುಡಿಸಬೇಕು. ಮೊಲೆಹಾಲನ್ನು ನಿಲ್ಲಿಸಬಾರದು, ಊಟವನ್ನೂ ನಿಲ್ಲಿಸಬಾರದು. ಜೊತೆಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ೧೦ರಿಂದ ೧೪ ದಿನ ಸತುವಿನ ಮಾತ್ರೆ ಕೊಟ್ಟರೆ ರೋಗದ ಅವಧಿ ಕಡಿಮೆಯಾಗುತ್ತದೆ. ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಕಣ್ಣು ತೀರ ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆಗ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಂಥ ಸ್ಥಿತಿಯಲ್ಲಿ ಸೂಜಿಯ ದ್ರವವೇ ಬೇಕಾಗಬಹುದು.

ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ಈ ನೀರನ್ನು ಕುಡಿಸಿದ ಕೂಡಲೆ ಭೇದಿ ನಿಲ್ಲುವುದಿಲ್ಲ. ಸೋರುವ ಬಾಗಿಲನ್ನು ಇದು ಮುಚ್ಚದು; ಇನ್ನೊಂದು ಬಾಗಿಲಿನಿಂದ ತುಂಬುತ್ತದೆ, ಅಷ್ಟೆ. ಎರಡು ಲೋಟ ಕುಡಿಸಿ, ಭೇದಿ ನಿಲ್ಲಲಿಲ್ಲವೆಂದು ಬೇಸತ್ತು ಬಿಟ್ಟುಬಿಡುವ ತಾಯಂದಿರು ಎಷ್ಟೋ ಮಂದಿ. ಹೊಸ ಕೋಶಗಳು ಬರುವವರೆಗೆ ತಾಳ್ಮೆಯಿಂದ ಕುಡಿಸುತ್ತಿರುವುದೇ ಚಿಕಿತ್ಸೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೪ರಲ್ಲಿ ಕೊಟ್ಟ ಲೆಕ್ಕದಂತೆ, ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಮಿಕ್ಕಿದ ಮಕ್ಕಳು ವರ್ಷಂಪ್ರತಿ ಭೇದಿಯಿಂದ ಸಾಯುತ್ತಿದ್ದಾರೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಭೇದಿಯಾದ ೧೦೦ ಮಕ್ಕಳಲ್ಲಿ ಈ ಪುಡಿಯ ನೀರು ದೊರೆತುದು ಸುಮಾರು ೬೦ ಮಕ್ಕಳಿಗೆ. ಉಳಿದ ೪೦ ಮಕ್ಕಳ ಕರುಳಿನಲ್ಲಿಯೂ ಆ ಬಾಗಿಲು ಇತ್ತು, ಕೆಡದೆ ಇತ್ತು, ಉಪ್ಪು ಸಕ್ಕರೆಗಳ ಜೋಡಿಗಾಗಿ ಕಾದಿತ್ತು. ಕೋಶವು ತನ್ನ ಕರ್ತವ್ಯದಲ್ಲಿ ತಪ್ಪುವುದಿಲ್ಲ. ಅದರ ಹೊಸ್ತಿಲಿನವರೆಗೆ ಒಂದು ಲೋಟ ನೀರನ್ನು ತಲುಪಿಸುವ ಹೊಣೆ ಮಾತ್ರ ನಮ್ಮದು.